ತಗ್ಗು ಶ್ರುತಿಗೂ ಭಾರಿ ಧ್ವನಿಗೂ ಎಲೆಕ್ಟ್ರಿಕ್ ಗಿಟಾರನ್ನು ಸಜ್ಜುಗೊಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮೆಟಲ್ ನುಡಿಸುವ ಗಿಟಾರ್ ವಾದಕರು, ಅದರಲ್ಲೂ ಮೊದಲ ಗಿಟಾರ್ ಕೊಂಡು ಒಂದೆರಡು ವರ್ಷವಾದವರು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಆರು ತಂತಿಯ ಸಾಮಾನ್ಯ ಗಿಟಾರನ್ನೇ ಗಮನದಲ್ಲಿಟ್ಟುಕೊಂಡು ಬರೆದದ್ದು ಇದು. ಇಲ್ಲಿರುವ ಅಳತೆಗಳನ್ನು ಆರಂಭದ ಅಳತೆಗಳೆಂದು ತಿಳಿಯಬೇಕು. ನಿಮ್ಮ ಕೈಯ ಬಿರುಸಿಗೆ ತಕ್ಕಂತೆ ಅವು ಸ್ವಲ್ಪ ಅತ್ತಿತ್ತ ಸರಿಯುತ್ತವೆ.

ತಗ್ಗು ಶ್ರುತಿಗಳಲ್ಲಿ ಯಾವುವು ಹೆಚ್ಚು ಬಳಕೆಯಲ್ಲಿವೆ?

ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ಇ ಸ್ವರಕ್ಕೆ, ಅಂದರೆ 82.4 ಹರ್ಟ್ಸ್‌ಗೆ ಇರುತ್ತದೆ. ಆರೂ ತಂತಿಗಳನ್ನು ಎರಡು ಅರ್ಧಸ್ವರದಷ್ಟು ಇಳಿಸಿದರೆ ಅದು ಡಿ ಸ್ಟ್ಯಾಂಡರ್ಡ್, ನಾಲ್ಕು ಅರ್ಧಸ್ವರ ಇಳಿಸಿದರೆ ಸಿ ಸ್ಟ್ಯಾಂಡರ್ಡ್. ದಪ್ಪ ತಂತಿಯೊಂದನ್ನು ಮಾತ್ರ ಉಳಿದವುಗಳಿಗಿಂತ ಇನ್ನೂ ಎರಡು ಅರ್ಧಸ್ವರ ಕೆಳಗಿಳಿಸಿದರೆ ಅದು ಡ್ರಾಪ್ ಶ್ರುತಿ: ಡ್ರಾಪ್ ಡಿ, ಡ್ರಾಪ್ ಸಿ, ಡ್ರಾಪ್ ಬಿ ಹೀಗೆ. ಡ್ರಾಪ್ ಸಿಯಲ್ಲಿ ದಪ್ಪ ತಂತಿ 65.4 ಹರ್ಟ್ಸ್‌ಗೆ ಬರುತ್ತದೆ, ಡ್ರಾಪ್ ಬಿಯಲ್ಲಿ 61.7ಕ್ಕೆ, ಡ್ರಾಪ್ ಎಯಲ್ಲಿ 55ಕ್ಕೆ. ಡ್ರಾಪ್ ಶ್ರುತಿಯ ಅನುಕೂಲವನ್ನು ನಮ್ಮ ಸಂಗೀತ ಕೇಳಿದವರಿಗೆ ಹೇಳುವುದು ಸುಲಭ: ಕೆಳಗಿನ ಮೂರು ತಂತಿಗಳು ತಂಬೂರಿಯಂತೆ ಷಡ್ಜ, ಪಂಚಮ, ಮೇಲಿನ ಷಡ್ಜವಾಗಿ ನಿಲ್ಲುತ್ತವೆ, ಆದ್ದರಿಂದ ಒಂದೇ ಬೆರಳನ್ನು ಅಡ್ಡ ಒತ್ತಿ ಪವರ್ ಕಾರ್ಡನ್ನು (ಷಡ್ಜ, ಪಂಚಮಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛವನ್ನು) ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು.

ಭಾರಿ ಸಂಗೀತದಲ್ಲಿ ಈ ಪದ್ಧತಿ ಬೇರೂರಲು ದೊಡ್ಡ ಕಾರಣರಾದವರು ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ. ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಯಂತ್ರಕ್ಕೆ ಸಿಕ್ಕು ಅವರ ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ತಂತಿ ಸಡಿಲವಾದರೆ ಒತ್ತುವುದು ಹಗುರವಾಗುತ್ತದೆ. 1971ರ ಆಲ್ಬಮ್‌ನಲ್ಲಿ ಕೆಲವು ಹಾಡುಗಳಿಗೆ ಅವರು ಮೂರು ಅರ್ಧಸ್ವರ ಇಳಿಸಿ ನುಡಿಸಿದರು, ಆ ಧ್ವನಿಯ ಭಾರವೇ ಮುಂದಿನವರಿಗೆ ದಾರಿಯಾಯಿತು.

ಭಾರಿ ಧ್ವನಿಗೆ ಶ್ರುತಿ ಇಳಿಸಲೇಬೇಕೇ?

ಬೇಕಾಗಿಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದ ಐರನ್ ಮೇಡನ್ ತಂಡದ ಹಾಡುಗಳು ಬಹುಪಾಲು ಸಾಮಾನ್ಯ ಶ್ರುತಿಯಲ್ಲೇ ಇವೆ. 2011ರ ಅಕ್ಟೋಬರ್‌ನಲ್ಲಿ ಅಲ್ಲೇ ನುಡಿಸಿದ ಮೆಟಾಲಿಕಾ ವೇದಿಕೆಯ ಮೇಲೆ ಸಾಮಾನ್ಯವಾಗಿ ಒಂದು ಅರ್ಧಸ್ವರವನ್ನಷ್ಟೇ ಇಳಿಸುತ್ತದೆ. ನಿಮ್ಮ ಹಾಡಿಗೂ ಹಾಡುವವರ ಕಂಠಕ್ಕೂ ತಗ್ಗು ಶ್ರುತಿ ಬೇಕೆಂದಾದರೆ ಮಾತ್ರ ಇಳಿಸಿ, ಇಳಿಸಿದ ಮೇಲೆ ಗಿಟಾರನ್ನು ಅದಕ್ಕೆ ಪೂರ್ತಿಯಾಗಿ ಸಜ್ಜುಗೊಳಿಸಿ.

ಈಗಿರುವ ತಂತಿಗಳನ್ನೇ ಸಡಿಲಿಸಿದರೆ ಸಾಲದೇ?

ಡ್ರಾಪ್ ಡಿಗೆ ಸಾಕು. ಅದಕ್ಕಿಂತ ಕೆಳಗೆ ಸಾಲದು. ತಂತಿಯ ಬಿಗಿತವು ಅದರ ಕಂಪನಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸ್ವರ ಸ್ವಲ್ಪ ಇಳಿದರೂ ಬಿಗಿತ ಬಹಳ ಇಳಿಯುತ್ತದೆ. ಇಪ್ಪತ್ತೈದೂವರೆ ಇಂಚು ಸ್ಕೇಲಿನ (ತಂತಿಯ ನುಡಿಯುವ ಉದ್ದದ) ಗಿಟಾರಿನಲ್ಲಿ 46ರ, ಅಂದರೆ ಇಂಚಿನ ಸಾವಿರದ 46 ಭಾಗ ದಪ್ಪದ, ತಂತಿಯು ಇ ಸ್ವರಕ್ಕೆ ಸುಮಾರು 7.9 ಕಿಲೋಗ್ರಾಂ ಬಿಗಿತದಲ್ಲಿರುತ್ತದೆ. ಅದೇ ತಂತಿಯನ್ನು ಸಿ ಸ್ವರಕ್ಕೆ ತಂದರೆ ಬಿಗಿತ ಸುಮಾರು 5 ಕಿಲೋಗ್ರಾಂಗೆ ಕುಸಿಯುತ್ತದೆ. ಅಷ್ಟು ಸಡಿಲವಾದ ತಂತಿಯನ್ನು ಪಿಕ್‌ನಿಂದ ಬಲವಾಗಿ ಹೊಡೆದಾಗ ಅದು ಅಗಲವಾಗಿ ತೂಗಿ ಫ್ರೆಟ್‌ಗಳಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ) ಬಡಿಯುವುದಲ್ಲದೆ, ಹೊಡೆದ ಕ್ಷಣದಲ್ಲಿ ಸ್ವರ ಮೇಲಕ್ಕೆ ಜಿಗಿದು ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಟ್ಯೂನರ್ ಮುಂದಿಟ್ಟು ಹೊಡೆದು ನೋಡಿದರೆ ಮುಳ್ಳು ಮೊದಲು ಬಲಕ್ಕೆ ಓಡಿ ಮತ್ತೆ ಮಧ್ಯಕ್ಕೆ ಬರುವುದು ಕಣ್ಣಿಗೇ ಕಾಣುತ್ತದೆ. ವೇಗವಾದ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಸ್ವರಸಾಲಿನಲ್ಲಿ) ಆ ಇಳಿಯುವ ಹೊತ್ತೇ ಸಿಗುವುದಿಲ್ಲ. ಹೀಗಾಗಿ ಕೇಳುವವರಿಗೆ ಗಿಟಾರ್ ಪೂರ್ತಿ ಅಪಶ್ರುತಿಯಲ್ಲಿರುವಂತೆ ಅನಿಸುತ್ತದೆ.

ಹಾಗಾದರೆ ಎಷ್ಟು ದಪ್ಪದ ತಂತಿ ಹಾಕಬೇಕು?

ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವುದು ವಾಡಿಕೆ. ಹತ್ತು-ನಲವತ್ತಾರರ ಸೆಟ್ ಎಂದರೆ ಅತಿ ತೆಳು ತಂತಿ 10, ಅತಿ ದಪ್ಪ ತಂತಿ 46. ಡಿ ಸ್ಟ್ಯಾಂಡರ್ಡ್‌ಗೆ 10–52 ಅಥವಾ 11ರಿಂದ ಆರಂಭವಾಗುವ ಸೆಟ್ ಸರಿಯಾಗುತ್ತದೆ. ಡ್ರಾಪ್ ಸಿಗೆ 11–56 ಒಳ್ಳೆಯ ಆಯ್ಕೆ, ಏಕೆಂದರೆ 56ರ ತಂತಿ ಸಿ ಸ್ವರದಲ್ಲಿ ಸುಮಾರು 7.5 ಕಿಲೋಗ್ರಾಂ ಬಿಗಿತ ಕೊಡುತ್ತದೆ, ಸಾಮಾನ್ಯ ಗಿಟಾರಿನ ಅನುಭವಕ್ಕೆ ಅದು ಹತ್ತಿರ. ಡ್ರಾಪ್ ಬಿಗೆ 60 ಅಥವಾ 62ರ ದಪ್ಪ ತಂತಿ ಬೇಕಾಗುತ್ತದೆ; ಡಿ ಆಡಾರಿಯೋ ಕಂಪನಿಯ 12–60ರಂಥ ಸೆಟ್‌ಗಳು ಇಂಥ ತಗ್ಗು ಶ್ರುತಿಗಳಿಗೆ ಸಿಗುತ್ತವೆ. ಕೊಳ್ಳುವಾಗ ಮೂರನೆಯ ತಂತಿ ಸುತ್ತು ತಂತಿಯೋ ಬರಿಯ ತಂತಿಯೋ ಎಂಬುದನ್ನು ಪೊಟ್ಟಣದ ಮೇಲೆ ಓದಿ ನೋಡಿ. ಸುತ್ತು ತಂತಿಯಾದರೆ ಶ್ರುತಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಎಳೆದು ನುಡಿಸುವ ಸೋಲೋಗಳಿಗೆ ಬೆರಳು ದಣಿಯುತ್ತದೆ.

ಅತಿ ದಪ್ಪ ತಂತಿಯೇ ಅತಿ ಭಾರಿ ಧ್ವನಿ ಕೊಡುತ್ತದೆಂದು ಭಾವಿಸಿ ಡ್ರಾಪ್ ಸಿಗೂ 68 ಹಾಕುವವರಿದ್ದಾರೆ. ಅದು ಬೇಡ. ದಪ್ಪ ಹೆಚ್ಚಿದಂತೆ ತಂತಿ ಸರಳಿನ ಗುಣಕ್ಕೆ ಸರಿದು ಅದರ ಮೇಲ್ಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ತಾವಿರಬೇಕಾದ ಜಾಗದಿಂದ ಮೇಲಕ್ಕೆ ಜಾರುತ್ತವೆ, ಧ್ವನಿಯ ಕಾಂತಿ ಸತ್ತು ಮಂಕಾಗುತ್ತದೆ. ಸ್ವರ ಕದಲದಂತೆ ಹಿಡಿದಿಡಲು ಬೇಕಾದಷ್ಟು ದಪ್ಪವಿದ್ದರೆ ಸಾಕು.

ಉದ್ದ ಸ್ಕೇಲಿನ ಗಿಟಾರ್ ಕೊಳ್ಳಬೇಕೇ?

ಡ್ರಾಪ್ ಬಿವರೆಗೆ ಅಗತ್ಯವಿಲ್ಲ. ಫೆಂಡರ್ ಮಾದರಿಯ ಗಿಟಾರುಗಳ ಸ್ಕೇಲ್ 25.5 ಇಂಚು, ಗಿಬ್ಸನ್ ಮಾದರಿಯವು 24.75 ಇಂಚು. ಅದೇ ತಂತಿ, ಅದೇ ಸ್ವರಕ್ಕೆ ಎರಡನೆಯದರಲ್ಲಿ ಬಿಗಿತ ಸುಮಾರು ನೂರಕ್ಕೆ 6ರಷ್ಟು ಕಡಿಮೆ ಇರುವುದರಿಂದ ಅಲ್ಲಿ ಒಂದು ಹೆಜ್ಜೆ ದಪ್ಪ ತಂತಿ ಹಾಕಿಕೊಳ್ಳಿ. 27 ಇಂಚಿನ ಬ್ಯಾರಿಟೋನ್ ಗಿಟಾರಿನಲ್ಲಿ ಬಿಗಿತ ನೂರಕ್ಕೆ 12ರಷ್ಟು ಹೆಚ್ಚುತ್ತದೆ. ಡ್ರಾಪ್ ಎ ಅಥವಾ ಅದಕ್ಕೂ ಕೆಳಗೆ ನೆಲೆಸುವ ಉದ್ದೇಶವಿದ್ದರೆ ಅದನ್ನೋ ಏಳು ತಂತಿಯ ಗಿಟಾರನ್ನೋ ಯೋಚಿಸಬಹುದು.

ಹೊಸ ತಂತಿ ಹಾಕಿದ ಮೇಲೆ ಸೆಟಪ್ ಯಾವ ಕ್ರಮದಲ್ಲಿ ಮಾಡಬೇಕು?

ನಟ್ (ನೆಕ್ಕಿನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ), ನೆಕ್ (ಗಿಟಾರಿನ ಕತ್ತು), ತಂತಿಯ ಎತ್ತರ, ಇಂಟೊನೇಷನ್ (ಫ್ರೆಟ್ ಒತ್ತಿದಾಗಲೂ ಸ್ವರ ಸರಿಯಾಗಿರುವುದು), ಕಡೆಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಪ್ರತಿಯೊಂದೂ ತನ್ನ ಮುಂದಿನದನ್ನು ಬದಲಿಸುತ್ತದೆಯಾದ್ದರಿಂದ ಈ ಕ್ರಮವನ್ನು ತಪ್ಪಿಸಬಾರದು. ಎಲ್ಲ ಅಳತೆಯನ್ನೂ ಗಿಟಾರ್ ನೀವು ನುಡಿಸುವ ಶ್ರುತಿಯಲ್ಲೇ ಇರುವಾಗ, ನುಡಿಸುವ ಭಂಗಿಯಲ್ಲೇ ಹಿಡಿದು ತೆಗೆದುಕೊಳ್ಳಬೇಕು.

ನಟ್‌ನಲ್ಲಿ ನೋಡಬೇಕಾದದ್ದು ಏನು?

46ರ ತಂತಿಗೆಂದು ಕೊರೆದ ಗಾಡಿಯಲ್ಲಿ, ಅಂದರೆ ತಂತಿ ಕೂರುವ ಸೀಳಿನಲ್ಲಿ, 56ರ ತಂತಿ ಕೂರದೆ ಮೇಲೆಯೇ ನಿಲ್ಲಬಹುದು, ಇಲ್ಲವೇ ಒಳಗೆ ಸಿಕ್ಕಿಕೊಳ್ಳಬಹುದು. ಬಿರಟೆ ತಿರುಗಿಸುವಾಗ ಸ್ವರ ಒಂದೇ ಸಮನೆ ಏರದೆ, ನಟ್‌ನಲ್ಲಿ ಟಿಕ್ ಎಂಬ ಸದ್ದಾಗಿ ಒಮ್ಮೆಲೇ ಹಾರಿದರೆ ತಂತಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆಳವನ್ನು ನೋಡಲು ಮೂರನೆಯ ಫ್ರೆಟ್ ಬಳಿ ತಂತಿಯನ್ನು ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಕೂದಲೆಳೆಯಷ್ಟು ಸಂದು ಉಳಿದು ತಂತಿ ತುಸು ಅಲುಗಿದರೆ ಸರಿಯಾಗಿದೆ. ಗಾಡಿಯನ್ನು ಅಗಲಿಸಲು ಆಯಾ ದಪ್ಪಕ್ಕೆಂದೇ ಸಿಗುವ ನಟ್ ಅರ ಬೇಕು. ಮನೆಯಲ್ಲಿರುವ ಚೂಪು ಅರದಿಂದ ಕೆರೆದರೆ ಗಾಡಿ ಆಳವಾಗಿ ನಟ್ ಕೆಡುತ್ತದೆ. ಸೆಟಪ್‌ನಲ್ಲಿ ನುರಿತವರ ಕೈಗೆ ಕೊಡಬೇಕಾದ ಒಂದೇ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸ್ವಲ್ಪವೇ ಬಿಗಿಯಾಗಿದ್ದರೆ ಪೆನ್ಸಿಲ್ ಸೀಸವನ್ನು ಗಾಡಿಗೆ ಉಜ್ಜುವುದರಿಂದ ಕೆಲಸ ನಡೆಯುತ್ತದೆ.

ಟ್ರಸ್ ರಾಡ್ ಮುಟ್ಟಲು ಹೆದರಿಕೆ. ನಿಜಕ್ಕೂ ಅಪಾಯವೇ?

ಅಳೆದು, ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದರೆ ಅಪಾಯವಿಲ್ಲ. ತಂತಿಗಳು ನೆಕ್ಕನ್ನು ಮುಂದಕ್ಕೆ ಬಗ್ಗಿಸುತ್ತವೆ, ಅದರೊಳಗಿನ ಸರಳು, ಅಂದರೆ ಟ್ರಸ್ ರಾಡ್, ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ತಂತಿಗಳ ಒಟ್ಟು ಬಿಗಿತ ಬದಲಾದರೆ ಈ ಸಮತೋಲ ತಪ್ಪುತ್ತದೆ. ತೆಳು ತಂತಿಯನ್ನೇ ಸಡಿಲಿಸಿದಾಗ ನೆಕ್ ಹಿಂದಕ್ಕೆ ಬಾಗಿ ಮೊದಲ ಕೆಲವು ಫ್ರೆಟ್‌ಗಳಲ್ಲಿ ತಂತಿ ಜುರ್ರೆನ್ನುವುದು ಇದರಿಂದಲೇ.

ಅಳೆಯಲು ಫೀಲರ್ ಗೇಜ್ ಬೇಕು. ದ್ವಿಚಕ್ರ ವಾಹನದ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ನೋಡಲು ಬಳಸುವ, ತೆಳು ಉಕ್ಕಿನ ಎಲೆಗಳ ಅದೇ ಸಾಧನ ಇದು, ಜೆ.ಸಿ. ರಸ್ತೆಯ ಆಟೊಮೊಬೈಲ್ ಬಿಡಿಭಾಗಗಳ ಅಂಗಡಿಗಳ ಸಾಲಿನಲ್ಲಿ ಹುಡುಕಿ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ ದೇಹವನ್ನು ಸೇರುವ ಜಾಗದ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ, ಏಳು ಅಥವಾ ಎಂಟನೆಯ ಫ್ರೆಟ್‌ಗೂ ತಂತಿಯ ತಳಕ್ಕೂ ನಡುವೆ 0.25 ಮಿಲಿಮೀಟರಿನ ಎಲೆಯನ್ನು ತೂರಿಸಿ. ಎಲೆ ತಂತಿಯನ್ನು ಎತ್ತದೆ, ಆದರೆ ಅದಕ್ಕೆ ಸವರಿಕೊಂಡು ಹೋದರೆ ಅಳತೆ ಸರಿಯಿದೆ. ಬಿರುಸಾಗಿ ಹೊಡೆಯುವವರು 0.30ರವರೆಗೆ ಬಿಡಬಹುದು. ಸಂದು ಹೆಚ್ಚಿದ್ದರೆ ರಾಡ್ ಬಿಗಿಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತನ್ನು ಮೀರಬೇಡಿ, ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಅಲೆನ್ ಕೀ ತಿರುಪಿನ ಬಾಯಿಗೆ ಪೂರ್ತಿ ಕೂತಿದೆಯೇ ಎಂದು ಪ್ರತಿ ಸಲವೂ ಖಾತ್ರಿ ಮಾಡಿಕೊಳ್ಳಿ, ಅಳತೆ ಹೊಂದದ ಕೀ ತಿರುಪಿನ ಬಾಯಿಯನ್ನು ತಿಂದುಹಾಕಿದರೆ ದುರಸ್ತಿ ಬಹಳ ಕಷ್ಟ. ಕೀ ಗಟ್ಟಿಯಾಗಿ ನಿಂತುಬಿಟ್ಟರೆ ಬಲ ಹಾಕದೆ ನಿಲ್ಲಿಸಿ.

ತಂತಿಯ ಎತ್ತರ ಎಷ್ಟಿರಬೇಕು?

ಹನ್ನೆರಡನೆಯ ಫ್ರೆಟ್ ಮೇಲೆ ದಪ್ಪ ತಂತಿಗೆ 2ರಿಂದ 2.4 ಮಿಲಿಮೀಟರ್, ತೆಳು ತಂತಿಗೆ 1.6 ಮಿಲಿಮೀಟರ್ ಸುಮಾರಿಗೆ ಸರಿ. ಆಂಪ್ ಇಲ್ಲದೆ ಕೇಳಿಸುವ ಅಲ್ಪಸ್ವಲ್ಪ ಜುರ್ರ್ ಸದ್ದು ಆಂಪ್‌ನಲ್ಲಿ ಕೇಳಿಸದಿದ್ದರೆ ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇಂಟೊನೇಷನ್ ಸರಿಮಾಡುವುದು ಹೇಗೆ?

ತಂತಿಯನ್ನು ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವು ಬಿಡಿ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಹೆಚ್ಚಿದ್ದರೆ ಸ್ಯಾಡಲನ್ನು (ದೇಹದ ಮೇಲಿನ ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಣುಕನ್ನು) ನೆಕ್‌ನಿಂದ ದೂರಕ್ಕೆ, ಕಡಿಮೆಯಿದ್ದರೆ ನೆಕ್‌ನ ಕಡೆಗೆ ಸರಿಸಿ. ದಪ್ಪ ತಂತಿ ಹಾಕಿ ಶ್ರುತಿ ಇಳಿಸಿದಾಗ ಸ್ಯಾಡಲ್ ಸಾಮಾನ್ಯವಾಗಿ ಹಿಂದಕ್ಕೇ ಹೋಗಬೇಕಾಗುತ್ತದೆ, ಕೆಲವೊಮ್ಮೆ ಜಾಗವೇ ಸಾಲದೆ ಹೋಗುತ್ತದೆ. ಗಿಬ್ಸನ್ ಮಾದರಿಯ ಬ್ರಿಡ್ಜ್‌ನಲ್ಲಿ ಸ್ಯಾಡಲನ್ನು ತಿರುವುಮುರುವಾಗಿ ಕೂರಿಸಿದರೆ ಒಂದಿಷ್ಟು ಜಾಗ ಸಿಗುತ್ತದೆ. ಫೆಂಡರ್ ಮಾದರಿಯಲ್ಲಿ ದಪ್ಪ ತಂತಿಯ ಸ್ಯಾಡಲ್ ಹಿಂದಿನ ಸ್ಪ್ರಿಂಗನ್ನು ತೆಗೆದು ಅಥವಾ ಕತ್ತರಿಸಿ ಜಾಗ ಮಾಡಿಕೊಳ್ಳಬಹುದು. ಅಳೆಯುವಾಗ ಮೆಲ್ಲಗೆ ಮೀಟದೆ, ನೀವು ನಿಜವಾಗಿ ರಿಫ್ ನುಡಿಸುವಷ್ಟೇ ಬಲದಿಂದ ಹೊಡೆದು ಟ್ಯೂನರ್ ನೋಡಿ. ಹಳೆಯ ತಂತಿಗಳ ಮೇಲೆ ಇದನ್ನು ಮಾಡುವುದು ವ್ಯರ್ಥ.

ನನ್ನ ಗಿಟಾರಿನಲ್ಲಿ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇದೆ. ಅದಕ್ಕೆ ಬೇರೆ ಕ್ರಮವೇ?

ಹೌದು. ತೇಲುವ ಬ್ರಿಡ್ಜ್‌ನಲ್ಲಿ ತಂತಿಗಳ ಎಳೆತಕ್ಕೆ ಎದುರಾಗಿ ಹಿಂಬದಿಯ ಸ್ಪ್ರಿಂಗ್‌ಗಳು ಎಳೆಯುತ್ತವೆ. ತಂತಿಗಳ ಬಿಗಿತ ಕಡಿಮೆಯಾದರೆ ಬ್ರಿಡ್ಜ್ ದೇಹದೊಳಕ್ಕೆ ಕುಸಿಯುತ್ತದೆ, ಹೆಚ್ಚಾದರೆ ಮೇಲಕ್ಕೇಳುತ್ತದೆ. ಲಾಕ್ ನಟ್ ಬಿಚ್ಚಿ, ಶ್ರುತಿ ಮಾಡಿ, ಬ್ರಿಡ್ಜ್ ದೇಹಕ್ಕೆ ಸಮಾನಾಂತರವಾಗುವಂತೆ ಹಿಂಬದಿಯ ಎರಡು ತಿರುಪುಗಳನ್ನು ಸಡಿಲಿಸಿ ಅಥವಾ ಬಿಗಿಮಾಡಿ, ಮತ್ತೆ ಶ್ರುತಿ ಮಾಡಿ. ಎರಡೂ ಒಟ್ಟಿಗೆ ನಿಲ್ಲುವ ತನಕ ಇದನ್ನೇ ಮಾಡಬೇಕು, ತಾಳ್ಮೆ ಬೇಕು. ಸ್ವರ ಏರಿಳಿಸುವ ಬಾರ್ ಬಳಸುವುದೇ ಇಲ್ಲವೆಂದಾದರೆ ಬ್ರಿಡ್ಜ್‌ನ ಕೆಳಗಿರುವ ಲೋಹದ ಬ್ಲಾಕ್‌ನ ಎರಡೂ ಬದಿಗೆ ಅಳತೆಗೆ ಕತ್ತರಿಸಿದ ಮರದ ತುಂಡುಗಳನ್ನಿಟ್ಟು ಬ್ರಿಡ್ಜನ್ನು ಸ್ಥಿರಗೊಳಿಸಿಬಿಡಿ. ತಗ್ಗು ಶ್ರುತಿಯ ರಿದಂ ವಾದಕರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಬೆಂಗಳೂರಿನ ಹವೆಗೆ ಸೆಟಪ್ ಕೆಡುತ್ತದೆಯೇ?

ಕರಾವಳಿಯಷ್ಟು ತೊಂದರೆ ಇಲ್ಲಿಲ್ಲ. ಆದರೂ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಗೂ ಜೂನ್ ಆದಮೇಲಿನ ಮಳೆಗಾಲದ ತೇವಕ್ಕೂ ಮರ ಸ್ಪಂದಿಸುತ್ತದೆ. ಈ ಎರಡು ತಿರುವುಗಳಲ್ಲಿ ಒಂದೊಂದು ಸಲ ಫೀಲರ್ ಗೇಜ್ ಹಿಡಿದು ನೆಕ್ ಅಳೆದರೆ ಸಾಕು.

ಪಿಕಪ್ ಬದಲಿಸಬೇಕೇ?

ಮೊದಲು ಅದರ ಎತ್ತರ ಬದಲಿಸಿ ನೋಡಿ. ತಗ್ಗು ಶ್ರುತಿಯ ತಂತಿ ಅಗಲವಾಗಿ ತೂಗುವುದರಿಂದ ಪಿಕಪ್ ತೀರ ಹತ್ತಿರವಿದ್ದರೆ ದಪ್ಪ ತಂತಿಯ ಧ್ವನಿ ಉಬ್ಬಿ ಒಡೆಯುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಬ್ರಿಡ್ಜ್ ಪಿಕಪ್‌ಗೂ ದಪ್ಪ ತಂತಿಗೂ 2.5ರಿಂದ 3 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್ ಇಟ್ಟು ಕಿವಿಯಿಂದ ತಿದ್ದಿಕೊಳ್ಳಿ. ಇಎಂಜಿ 81ರಂಥ ಆಕ್ಟಿವ್ ಪಿಕಪ್ ಹಾಕಿಸಿದರೆ 9 ವೋಲ್ಟ್ ಬ್ಯಾಟರಿ ಬೇಕು, ನುಡಿಸಿದ ಮೇಲೆ ಕೇಬಲ್ ತೆಗೆಯದಿದ್ದರೆ ಆ ಬ್ಯಾಟರಿ ಬರಿದಾಗುತ್ತದೆ.

ಗೇನ್ ಪೂರ್ತಿ ಏರಿಸಿದರೂ ಧ್ವನಿ ಭಾರವಾಗುವ ಬದಲು ಕಲಸಿಹೋಗುತ್ತದೆ. ಏಕೆ?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು, ಉತ್ತರವನ್ನು ಬಿಡಿಸಿ ಹೇಳಬೇಕಾಗಿದೆ. ಗೇನ್ ಏರಿಸಿದಾಗ ಧ್ವನಿ ಒಡೆಯುವುದೇ ಡಿಸ್ಟಾರ್ಷನ್. ಅದು ಒಳಗೆ ಬಂದ ಸ್ವರಗಳನ್ನು ಒರಟಾಗಿಸುವುದಷ್ಟೇ ಅಲ್ಲ, ಎರಡು ಸ್ವರಗಳು ಒಟ್ಟಿಗೆ ಬಂದಾಗ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಸ್ವರಗಳನ್ನೂ ತಾನೇ ಹುಟ್ಟಿಸುತ್ತದೆ. ಡ್ರಾಪ್ ಸಿಯ ಪವರ್ ಕಾರ್ಡನ್ನೇ ನೋಡಿ: ಷಡ್ಜ 65.4 ಹರ್ಟ್ಸ್, ಪಂಚಮ 98 ಹರ್ಟ್ಸ್, ವ್ಯತ್ಯಾಸ ಸುಮಾರು 32.6 ಹರ್ಟ್ಸ್. ಅದು ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಅದೇ ಸ್ವರ. ಪವರ್ ಕಾರ್ಡ್ ಡಿಸ್ಟಾರ್ಷನ್‌ನಲ್ಲಿ ಅಷ್ಟು ಗಂಭೀರವಾಗಿ ಕೇಳುವುದಕ್ಕೂ, ಗಾಂಧಾರ ಸೇರಿದ ಪೂರ್ತಿ ಕಾರ್ಡ್ ಅದೇ ಜಾಗದಲ್ಲಿ ಗಜಿಬಿಜಿಯಾಗುವುದಕ್ಕೂ ಕಾರಣ ಇಲ್ಲಿದೆ. ಗಾಂಧಾರದಿಂದ ಹುಟ್ಟುವ ವ್ಯತ್ಯಾಸದ ಸ್ವರಗಳು ಹೀಗೆ ಅಚ್ಚುಕಟ್ಟಾಗಿ ಷಡ್ಜಕ್ಕೆ ಬಂದು ಕೂರುವುದಿಲ್ಲ. ಗೇನ್ ಏರಿಸಿದಷ್ಟೂ ಈ ಕೆಳಗಿನ ಸ್ವರಗಳ ರಾಶಿ ಬೆಳೆದು ಪಿಕ್‌ನ ಹೊಡೆತವನ್ನೇ ಮುಚ್ಚಿಬಿಡುತ್ತದೆ.

ಪರಿಹಾರ ಎರಡು ಹೆಜ್ಜೆಯದು. ಗೇನನ್ನು ನಿಮಗೆ ಬೇಕೆನಿಸುವುದಕ್ಕಿಂತ ತಗ್ಗಿಸಿ. ಪಾಮ್ ಮ್ಯೂಟ್ ಮಾಡಿದ (ಅಂಗೈಯಂಚಿನಿಂದ ತಂತಿಯನ್ನು ಅದುಮಿ ನುಡಿಸಿದ) ಪ್ರತಿ ಹೊಡೆತವೂ ಬಿಡಿಬಿಡಿಯಾಗಿ ಕೇಳುವಲ್ಲಿ ನಿಲ್ಲಿಸಿ. ಬಳಿಕ, ಧ್ವನಿ ಒಡೆಯುವ ಮೊದಲೇ ಅದರ ತಳವನ್ನು ತೆಳುವಾಗಿಸಿ. ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಂಥ ಓವರ್‌ಡ್ರೈವ್ ಪೆಡಲನ್ನು ಹೈ ಗೇನ್ ಆಂಪ್ ಮುಂದಿಟ್ಟು, ಡ್ರೈವ್ ಸೊನ್ನೆಗೂ ಲೆವೆಲ್ ಪೂರ್ತಿಗೂ ಇಡುವುದು ಮೆಟಲ್ ವಾದಕರಲ್ಲಿ ರೂಢಿಗೆ ಬಂದದ್ದು ಈ ಕಾರಣಕ್ಕೆ: ಆ ಪೆಡಲ್ ತಳದ ಸ್ವರಗಳನ್ನು ತಗ್ಗಿಸಿ 700 ಹರ್ಟ್ಸ್ ಆಸುಪಾಸಿನ ಮಧ್ಯವನ್ನು ಮುಂದಕ್ಕೆ ತಳ್ಳುತ್ತದೆ. ತಳ ಬೇಕೆನಿಸಿದರೆ ಡಿಸ್ಟಾರ್ಷನ್ ಆದ ಮೇಲೆ, ಆಂಪ್‌ನ ಬಾಸ್ ಅಥವಾ ರೆಸೊನೆನ್ಸ್ ಗುಂಡಿಯಿಂದ ಸೇರಿಸಿಕೊಳ್ಳಿ. ಮುಂಚೆ ಕತ್ತರಿಸಿ, ಆಮೇಲೆ ಸೇರಿಸುವುದು. ತಗ್ಗು ಶ್ರುತಿಯ ಧ್ವನಿಯೆಲ್ಲ ಈ ಒಂದು ಕ್ರಮದ ಮೇಲೆ ನಿಂತಿದೆ.

ಮಿಡ್ (ಮಧ್ಯದ ಸ್ವರಗಳ ಗುಂಡಿ) ಪೂರ್ತಿ ಇಳಿಸಿದರೆ ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ, ತಂಡದೊಂದಿಗೆ ಗಿಟಾರೇ ಕಾಣೆಯಾಗುತ್ತದೆ. ಹೀಗೇಕೆ?

ಒಬ್ಬರೇ ನುಡಿಸುವಾಗ ತಳವೂ ತುದಿಯೂ ಕಿವಿ ತುಂಬುತ್ತವೆ. ತಂಡದಲ್ಲಿ ತಳವನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್, ತುದಿಯನ್ನು ಸಿಂಬಲ್‌ಗಳು ಆಗಲೇ ಹಿಡಿದಿರುತ್ತವೆ. ಗಿಟಾರಿಗೆ ಉಳಿಯುವ ಜಾಗ ಮಧ್ಯವೇ. ಅದನ್ನೂ ಕಿತ್ತುಹಾಕಿದರೆ ಕೇಳುವುದೇನೂ ಉಳಿಯುವುದಿಲ್ಲ. ರೆಕಾರ್ಡಿಂಗ್‌ಗಳಲ್ಲಿ ನಾವು ಗಿಟಾರಿನದೆಂದು ತಿಳಿಯುವ ಭಾರದಲ್ಲಿ ದೊಡ್ಡ ಪಾಲು ಬಾಸ್ ಗಿಟಾರಿನದು. ಮಿಕ್ಸ್ ಮಾಡುವವರು ಗಿಟಾರಿನ ಧ್ವನಿಯನ್ನು 80ರಿಂದ 100 ಹರ್ಟ್ಸ್‌ಗಿಂತ ಕೆಳಗೆ ಕತ್ತರಿಸುವುದು ತೀರ ಸಾಮಾನ್ಯ. ನಿಮ್ಮ ಬಾಸ್ ವಾದಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆಂಪ್‌ನ ಗುಂಡಿಗಳನ್ನು ಹೊಂದಿಸಿ.

ಸ್ವೀಡನ್ನಿನ ಡೆತ್ ಮೆಟಲ್ ತಂಡಗಳ ಗರಗಸದಂಥ ಧ್ವನಿ ಹೇಗೆ ಬರುತ್ತದೆ?

ಬಾಸ್ (Boss) ಎಂಬ ಹೆಸರಿನ ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲಿನಿಂದ. 1983ರಲ್ಲಿ ಬಂದ ಅದರ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸಿ ಸ್ಟಾಕ್‌ಹೋಮ್‌ನ ಎಂಟೂಂಬ್ಡ್ ಮೊದಲಾದ ತಂಡಗಳು ಆ ಧ್ವನಿಯನ್ನು ರೂಪಿಸಿದವು. ಮೇಲೆ ಹೇಳಿದ ಕ್ರಮಕ್ಕೆ ಇದು ವಿರುದ್ಧವಾಗಿ ಕಂಡರೂ, ಆ ಪೆಡಲ್ ಮಧ್ಯದ ಸ್ವರಗಳನ್ನು ವಿಪರೀತ ಎತ್ತುವುದರಿಂದಲೇ ಧ್ವನಿ ಸೀಳಿಕೊಂಡು ಬರುತ್ತದೆ.

ನುಡಿಸದೆ ಇದ್ದಾಗಲೂ ಗುಂಯ್ ಎನ್ನುತ್ತದೆ. ಏನು ಮಾಡಲಿ?

ಮೊದಲು ಮನೆಯ ಅರ್ತಿಂಗ್ ಪರೀಕ್ಷಿಸಿ. ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ತ್ ತಂತಿ ಸೇರಿರುವುದಿಲ್ಲ. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ತಿಗೇ ಸೇರಿರುತ್ತವೆ, ಆದ್ದರಿಂದ ಇದು ಸದ್ದಿನ ವಿಷಯವಷ್ಟೇ ಅಲ್ಲ, ಜೀವದ ವಿಷಯ. ಗುಂಯ್ ಸದ್ದು ನಿಲ್ಲಲೆಂದು ಅರ್ತ್ ಪಿನ್ ಮುರಿಯುವ ಕೆಲಸವನ್ನು ಎಂದಿಗೂ ಮಾಡಬೇಡಿ. ಕರೆಂಟ್ ಹೋದಾಗ ಮಾತ್ರ ಸದ್ದು ಹೆಚ್ಚಿದರೆ ಸ್ಕ್ವೇರ್ ವೇವ್ ಇನ್ವರ್ಟರ್ ಕಾರಣವಿರಬಹುದು. ಅಮೆರಿಕದಿಂದ ತಂದ 120 ವೋಲ್ಟ್‌ನ ಆಂಪನ್ನು ನಮ್ಮ 230 ವೋಲ್ಟ್‌ಗೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಬಾರದು. ಸವೆದ ಜ್ಯಾಕ್ ಅಥವಾ ಕರಕರ ಎನ್ನುವ ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ನಿಯಂತ್ರಕ) ಬದಲಿಸಲು ಬೇಕಾದದ್ದೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಇಷ್ಟಾದ ಮೇಲೆ ನಾಯ್ಸ್ ಗೇಟ್ (ಸದ್ದು ಒಂದು ಮಿತಿಗಿಂತ ತಗ್ಗಿದಾಗ ಅದನ್ನು ಮುಚ್ಚುವ ಸಾಧನ) ಹಾಕಿ. ಸ್ವರದ ಬಾಲ ಕತ್ತರಿಸಿಹೋಗದಷ್ಟು ಕೆಳಗೆ ಅದರ ಮಿತಿಯನ್ನು ಇಡಿ. ರಿಫ್ ನಿಲ್ಲಿಸಿದ ಮೇಲೂ ಟಿಣ್ಣೆನ್ನುವ ಸದ್ದು ಉಳಿದರೆ ಅದು ನಟ್‌ನ ಆಚೆಗಿನ ತುಂಡು ತಂತಿಗಳದ್ದು. ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡನ್ನು ಅಲ್ಲಿ ಸುತ್ತಿದರೆ ನಿಲ್ಲುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಈ ಧ್ವನಿಯನ್ನು ಅಭ್ಯಾಸ ಮಾಡುವುದು ಹೇಗೆ?

ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಆಂಪ್ ಸಿಮ್ಯುಲೇಟರ್ ಮತ್ತು ಒಳ್ಳೆಯ ಹೆಡ್‌ಫೋನ್ ಇದ್ದರೆ ಗೋಡೆಯಾಚೆ ಯಾರಿಗೂ ತೊಂದರೆಯಿಲ್ಲ. ಪುಟ್ಟ ಪ್ರಾಕ್ಟೀಸ್ ಆಂಪ್‌ನ ಸ್ಪೀಕರ್ 65 ಹರ್ಟ್ಸನ್ನು ಸರಿಯಾಗಿ ಹೊರಡಿಸಲಾರದು. ಮೇಲ್ಸ್ವರಗಳನ್ನು ಕೇಳಿ ಮೂಲ ಸ್ವರವನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಹಾಗಾಗಿ ಅದರಲ್ಲಿ ಬಾಸ್ ಏರಿಸುತ್ತ ಹೋದರೆ ಡಬ್ಬದ ಸದ್ದು ಬರುವುದೇ ಹೊರತು ಭಾರ ಬರುವುದಿಲ್ಲ.

ಒಂದೇ ಗಿಟಾರಿನಲ್ಲಿ ಸಾಮಾನ್ಯ ಶ್ರುತಿಯನ್ನೂ ಡ್ರಾಪ್ ಸಿಯನ್ನೂ ನುಡಿಸಬಹುದೇ?

ಎರಡರಲ್ಲೂ ಚೆನ್ನಾಗಿ ನುಡಿಯುವಂತೆ ಮಾಡಲಾಗದು. 11–56ರ ಸೆಟ್ಟನ್ನು ಸಾಮಾನ್ಯ ಶ್ರುತಿಗೆ ಏರಿಸಿದರೆ ದಪ್ಪ ತಂತಿಯ ಬಿಗಿತ ಸುಮಾರು 12 ಕಿಲೋಗ್ರಾಂ ಆಗಿ, ನೆಕ್, ಎತ್ತರ, ಇಂಟೊನೇಷನ್ ಎಲ್ಲವೂ ಜಾಗ ಬಿಡುತ್ತವೆ. ಸಾಧಾರಣ ಬೆಲೆಯ, ಸ್ಥಿರ ಬ್ರಿಡ್ಜ್‌ನ ಎರಡನೆಯ ಗಿಟಾರೊಂದನ್ನು ತಗ್ಗು ಶ್ರುತಿಗೇ ಮೀಸಲಿಡುವುದು ಒಳ್ಳೆಯದು. ಅದು ಆಗದಿದ್ದರೆ ಗಿಟಾರನ್ನು ಸಾಮಾನ್ಯ ಶ್ರುತಿಯಲ್ಲೇ ಇಟ್ಟು, ಡಿಜಿಟೆಕ್ ಡ್ರಾಪ್‌ನಂಥ ಪೆಡಲಿನಿಂದ ಧ್ವನಿಯನ್ನು ಇಳಿಸಬಹುದು. ಎರಡು ಮೂರು ಅರ್ಧಸ್ವರದವರೆಗೆ ಅದು ನಂಬಿಕೆಗೆ ಅರ್ಹವಾಗಿ ಕೆಲಸ ಮಾಡುತ್ತದೆ, ಅದಕ್ಕೂ ಕೆಳಗೆ ಹೊಡೆತದ ಮೊನೆ ಮೊಂಡಾಗುತ್ತದೆ. ಕಡಿಮೆ ಸದ್ದಿನಲ್ಲಿ ನುಡಿಸುವಾಗ ತಂತಿಗಳ ನಿಜವಾದ ಸ್ವರವೂ ಸ್ಪೀಕರಿನ ಇಳಿದ ಸ್ವರವೂ ಒಟ್ಟಿಗೆ ಕಿವಿಗೆ ಬಿದ್ದು ಇರಿಸುಮುರಿಸಾಗುವುದರಿಂದ, ಮನೆಯಲ್ಲಿ ಆ ಪೆಡಲನ್ನು ಕಿವಿ ಮುಚ್ಚುವ ಹೆಡ್‌ಫೋನ್‌ನೊಂದಿಗೇ ಬಳಸಿ.